ಕರಿಯಪ್ಪ, ಕೃಷ್ಣ, ಕೀರಾನ್: ಕಪ್ಪು ಅರ್ಥದ ಹೆಸರು ಹುಡುಕುವವರಿಗೆ

ಒಂದು ಮನೆಯಲ್ಲಿ ತಾತನ ಹೆಸರು ಕರಿಯಪ್ಪ. ಮೊಮ್ಮಗನಲ್ಲಿ ಆ ಹೆಸರು ಉಳಿಯಬೇಕು, ಆದರೆ ಶಾಲೆಯಲ್ಲಿ ಹುಡುಗರು ಆಡಿಕೊಳ್ಳಬಾರದು. ಇನ್ನೊಂದು ಮನೆಯಲ್ಲಿ ಮನೆದೇವರು ಕಾಳಮ್ಮ. ಮಗಳಿಗೆ ಅಮ್ಮನವರ ಹೆಸರೇ ಬೇಕು ಅಂತ ತಂದೆ, ಕಾಳಿ ಅನ್ನುವುದು ಮಾತ್ರ ಬೇಡ ಅಂತ ಅಜ್ಜಿ. ಮೂರನೆಯ ಕುಟುಂಬ ಐರ್ಲೆಂಡ್‌ನಲ್ಲಿದೆ. ಹೆಸರು ಊರಿನಲ್ಲಿರುವ ಅಜ್ಜನ ಬಾಯಲ್ಲೂ ತಿರುಗಬೇಕು, ಅಲ್ಲಿನ ಟೀಚರ ಬಾಯಲ್ಲೂ ತಿರುಗಬೇಕು. ಮೂವರೂ ಹುಡುಕುತ್ತಿರುವುದು ಕಪ್ಪು ಅನ್ನುವ ಅರ್ಥದ ಹೆಸರನ್ನೇ. ಜಾಲದಲ್ಲಿ ಸಿಗುವ ಪಟ್ಟಿಗಳಲ್ಲಿ ಕೃಷ್ಣನ ಪಕ್ಕ ನೈಜಲ್, ಲೈಲಾ ಪಕ್ಕ ಕಾಳಿಂದಿ, ಎಲ್ಲದರ ಮುಂದೆಯೂ 'ಕಪ್ಪು' ಅಂತ ಒಂದೇ ಅರ್ಥ ಬರೆದಿರುತ್ತದೆ. ಅವುಗಳಲ್ಲಿ ಕೆಲವಕ್ಕೆ ಆ ಅರ್ಥವೇ ಇಲ್ಲ, ಕೆಲವಕ್ಕೆ ಅರೆಪಾಲು ಇದೆ, ಕೆಲವು ಕನ್ನಡದ ಕಿವಿಗೆ ಬಿದ್ದ ಕೂಡಲೇ ಬೇರೊಂದು ಮಾತಾಗಿಬಿಡುತ್ತವೆ.

ಪಟ್ಟಿ ತೆರೆಯುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ಮಾತು ಒಂದಿದೆ: ಹೆಸರಿನೊಳಗಿನ ಬಣ್ಣ ಕೇಳುವವರಿಗೆ ಕೇಳಿಸಬೇಕೋ ಬೇಡವೋ? ಕರಿಯಪ್ಪ ಅಂದರೆ ಕನ್ನಡದವರಿಗೆ ತಟ್ಟನೆ ಕಪ್ಪು ಕೇಳಿಸುತ್ತದೆ. ಕೃಷ್ಣ ಅಂದರೆ ಕೊಳಲು, ಬೆಣ್ಣೆ, ನವಿಲುಗರಿ ಎಲ್ಲ ಕಣ್ಣ ಮುಂದೆ ಬರುತ್ತವೆ, ಬಣ್ಣ ಕೊನೆಗೆ ಬರುತ್ತದೆ. ಕೀರಾನ್ ಅಂದರೆ ಏನೂ ಕೇಳಿಸುವುದಿಲ್ಲ. ಮೂರರ ಅರ್ಥವೂ ಒಂದೇ. ಅದೇ ಬಣ್ಣವನ್ನು ಅಚ್ಚಗನ್ನಡದಲ್ಲಿ ಹೇಳಿದರೆ ಹಳ್ಳಿ ಹೆಸರು, ಸಂಸ್ಕೃತದಲ್ಲಿ ಹೇಳಿದರೆ ದೇವರ ಹೆಸರು, ಐರಿಶ್‌ನಲ್ಲಿ ಹೇಳಿದರೆ ಹೊಸ ಹೆಸರು ಅಂತ ನಾವು ಬೆಲೆ ಕಟ್ಟುತ್ತೇವೆ. ಈ ಬೆಲೆಯನ್ನು ಒಪ್ಪಿಕೊಂಡು ಆರಿಸುತ್ತೀರೋ, ಒಪ್ಪದೆ ಆರಿಸುತ್ತೀರೋ ಅನ್ನುವುದು ಸ್ಪಷ್ಟವಾದರೆ ಉಳಿದ ಕೆಲಸ ಸುಲಭ.

ಆಮೇಲೆ ಪ್ರತಿ ಹೆಸರಿಗೂ ಹಿಡಿಯಬೇಕಾದ ಒರೆಗಲ್ಲುಗಳು ಇವು. ಅರ್ಥ ಎಷ್ಟು ಗಟ್ಟಿ? ಅದು ಕಪ್ಪೇ ಹೌದೋ, ರಾತ್ರಿ, ನೀಲಿ, ಮೋಡ ಮುಂತಾದ ನೆಂಟ ಅರ್ಥವೋ? ಮಗುವನ್ನು ದಿನವೂ ಕರೆಯುವ ತುಂಡು ಹೆಸರು ಏನಾಗುತ್ತದೆ? ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅಪರಿಚಿತರು ಹೇಗೆ ಓದುತ್ತಾರೆ? ಪಕ್ಕದ ಭಾಷೆಗಳಲ್ಲಿ ಅದೇ ಸದ್ದಿಗೆ ಬೇರೆ ಅರ್ಥವಿದೆಯೇ? ನಕ್ಷತ್ರದ ಅಕ್ಷರ ನೋಡುವ ಮನೆಯಾದರೆ ಅದೂ ಒಂದು. ಇವುಗಳಲ್ಲಿ ತುಂಡು ಹೆಸರಿನ ಪ್ರಶ್ನೆಯನ್ನೇ ಜನ ಮರೆಯುವುದು ಹೆಚ್ಚು. ಮಗು ಬದುಕುವುದು ಬಹುಪಾಲು ಆ ತುಂಡಿನಲ್ಲೇ.

ಕರಿ ಮತ್ತು ಕಾಳ

ಕನ್ನಡದ ಸ್ವಂತ ಮಾತು 'ಕರಿ'. ಕರಿಯಪ್ಪ, ಕರಿಯಣ್ಣ, ಕರಿಗೌಡ, ಕರಿಬಸಪ್ಪ, ಕರಿಸಿದ್ದಪ್ಪ, ಕರಿಯಮ್ಮ ಎಲ್ಲವೂ ಇದರ ಕುಡಿಗಳು. ಇಲ್ಲಿ ಒಂದು ಎಚ್ಚರ ಬೇಕು. ಸಂಸ್ಕೃತದಲ್ಲೂ 'ಕರಿ' ಇದೆ, ಅದು ಆನೆ. ಕರ ಅಂದರೆ ಸೊಂಡಿಲು, ಸೊಂಡಿಲುಳ್ಳದ್ದು ಕರಿ. ಕರಿಮುಖ, ಕರಿವದನ ಅನ್ನುವುದು ಗಣಪತಿಯ ಹೆಸರು, ಅದರಲ್ಲಿ ಕಪ್ಪಿಲ್ಲ. ಗುರುತು ಹಿಡಿಯುವ ಸುಲಭ ಉಪಾಯ ಹೀಗೆ: ಕರಿಯ ಮುಂದೆ ಅಪ್ಪ, ಅಮ್ಮ, ಅಣ್ಣ, ಗೌಡ, ಬಸವ ಬಂದರೆ ಬಣ್ಣ, ಮುಖ, ವದನ, ರಾಜ ಬಂದರೆ ಆನೆ.

ಅರ್ಥದ ಗಟ್ಟಿತನದಲ್ಲಿ ಕರಿಯಪ್ಪನನ್ನು ಮೀರಿಸುವ ಹೆಸರಿಲ್ಲ. ದೈವದ ಬೆಂಬಲವೂ ಇದೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವ ಮನೆಗಳಲ್ಲಿ ಕರಿಬಸಪ್ಪ, ಕರಿಬಸಮ್ಮ ತಲೆಮಾರಿನಿಂದ ತಲೆಮಾರಿಗೆ ಬಂದ ಹೆಸರುಗಳು. ತೊಂದರೆ ಇರುವುದು ತುಂಡು ಹೆಸರಿನಲ್ಲಿ. ಕರಿಯಪ್ಪ ಅನ್ನುವುದು ಗೆಳೆಯರ ಬಾಯಲ್ಲಿ 'ಕರಿಯ' ಆಗುತ್ತದೆ, ಮತ್ತು 'ಕರಿಯ' ಅನ್ನುವುದು ಬೀದಿಯಲ್ಲಿ ಬೈಗುಳವಾಗಿ ಬಳಕೆಯಾಗುವ ಮಾತು. ಹಬ್ಬದ ಮರುದಿನದ 'ಕರಿ'ಯಲ್ಲಿ ಶುಭಕಾರ್ಯ ಮಾಡುವುದಿಲ್ಲ ಅನ್ನುವ ನಂಬಿಕೆಯೂ ಆ ಶಬ್ದಕ್ಕೆ ಅಂಟಿದೆ. ಆದರೆ ಇದೇ ಕನ್ನಡದಲ್ಲಿ ತಾಳಿಯ ಮಣಿ ಕರಿಮಣಿ, ಮಗುವಿನ ಕೆನ್ನೆಯ ದೃಷ್ಟಿಬೊಟ್ಟು ಕಪ್ಪು, ಹತ್ತಿ ಜೋಳ ಬೆಳೆಯುವ ಎರೆಮಣ್ಣು ಕಪ್ಪು. ಶುಭದ ಕಡೆಗೆ ತೂಗುವ ಕರಿ ಕಡಿಮೆಯೇನಿಲ್ಲ. ಮನೆಯವರು ಈ ಹೆಸರನ್ನು ಹೆಮ್ಮೆಯಿಂದ ಕರೆದರೆ ಮಗುವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಹೆಮ್ಮೆ ಮನೆಯಲ್ಲಿ ಇಲ್ಲದೆ ತಾತನ ಒತ್ತಾಯಕ್ಕೆ ಮಾತ್ರ ಇಟ್ಟರೆ ಹೊರೆ ಹೊರುವುದು ಮಗು.

ನಡುದಾರಿ ಬೇಕಾದವರು ಹೆಸರನ್ನು ಮುಂದಿಡದೆ ಹಿಂದಿಡಬಹುದು. ಶ್ಯಾಮ ಕರಿಯಪ್ಪ, ನೀಲಾ ಕರಿಯಪ್ಪ ಅಂತ ಇಟ್ಟರೆ ತಾತನ ಹೆಸರು ಪಾಸ್‌ಪೋರ್ಟಿನ ಕುಲನಾಮದ ಜಾಗದಲ್ಲಿ ಪೂರ್ತಿಯಾಗಿ ಕೂರುತ್ತದೆ, ಕರೆಯುವ ಹೆಸರು ಬೇರೆ ಇರುತ್ತದೆ. ಬರೀ 'ಕೆ.' ಅಂತ ಇನಿಷಿಯಲ್ ಮಾಡಿದರೆ ಆ ಹೆಸರು ಮುಂದಿನ ತಲೆಮಾರಿಗೆ ತಲುಪುವುದಿಲ್ಲ.

ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಕರಿಯಪ್ಪನನ್ನು ಅಲ್ಲಿ 'ಕರಿ' ಅಂತ ಮೊಟಕು ಮಾಡಿದರೆ ನಾರ್ವೆಯವರಿಗೆ ಅದು ಹೆಣ್ಣಿನ ಹೆಸರು, ಫಿನ್ಲೆಂಡಿನವರಿಗೆ ಗಂಡಿನದು, ಇಂಗ್ಲಿಷಿನವರ ಕಿವಿಗೆ ಸಾರಿನ 'ಕರ್ರಿ'. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲೂ ಎಚ್ಚರ ಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರ್ಯಪ್ಪ ಅವರ ಹೆಸರು ಇಂಗ್ಲಿಷಿನಲ್ಲಿ 'ಸಿ' ಅಕ್ಷರದಿಂದ ಶುರುವಾಗುತ್ತದೆ, ಓದುವವರು ಅದನ್ನು ಕರಿಯಪ್ಪ ಅಂತಲೂ ಓದುತ್ತಾರೆ. ಕನ್ನಡದಲ್ಲಿ ಬೇರೆಬೇರೆಯಾದ ಎರಡು ಹೆಸರು ಅಲ್ಲಿ ಒಂದಾಗಿಬಿಡುತ್ತವೆ. ಕರಿಯಪ್ಪ ಅಂತಲೇ ಓದಿಸಬೇಕಿದ್ದರೆ 'ಕೆ'ಯಿಂದ ಶುರು ಮಾಡಿ, ನಡುವೆ 'ವೈ' ಬಿಡದೆ ಬರೆಯುವುದು ಕ್ಷೇಮ.

'ಕಾಳ' ಸಂಸ್ಕೃತದ 'ಕಾಲ'ದಿಂದ ಬಂದದ್ದು. ಕಾಳಪ್ಪ, ಕಾಳಯ್ಯ, ಕಾಳೇಗೌಡ, ಕಾಳಮ್ಮ, ಕಾಳಿಕಾ. ಕಾಲಕ್ಕೆ ಸಮಯ, ಸಾವು ಅನ್ನುವ ಅರ್ಥಗಳೂ ಇವೆ, ಹಿರಿಯರಿಗೆ ಅಳುಕು ಹುಟ್ಟುವುದು ಅದರಿಂದ. ಶಿರಸಂಗಿಯ ಕಾಳಿಕಾದೇವಿಗೆ ನಡೆದುಕೊಳ್ಳುವ ವಿಶ್ವಕರ್ಮ ಮನೆಗಳಲ್ಲಿ ಈ ಅಳುಕಿಲ್ಲ, ಅಲ್ಲಿ ಅದು ತಾಯಿಯ ಹೆಸರು. ಇದರ ನಿಜವಾದ ತೊಡಕು ಲಿಪಿಯದು. ಕಾಳ, ಕಲಾ, ಕಾಲ, ಹಿಂದಿಯ ಕಾಲಾ ನಾಲ್ಕೂ ಇಂಗ್ಲಿಷಿನಲ್ಲಿ ಒಂದೇ ನಾಲ್ಕು ಅಕ್ಷರ. ಕಾಳಮ್ಮನ ಹೆಸರು ಬೇಕು, ಕಾಳಿ ಅನ್ನುವುದು ಬೇಡ ಅನ್ನುವ ಮನೆಗೆ ಒಗ್ಗುವುದು 'ಕಾಳಿಕಾ'. ಉದ್ದದ ಕಾರಣ ಅದು ಕಲಾ ಆಗಿ ಓದಿಸಿಕೊಳ್ಳುವುದಿಲ್ಲ, ದೇವಿಯ ಹೆಸರೂ ಅಳಿಸುವುದಿಲ್ಲ.

ನೆರೆಯವರದೂ ಒಂದು ಮಾತು ಗೊತ್ತಿರಲಿ. ತಮಿಳಿನಲ್ಲಿ ಕರುಪ್ಪನ್, ಕರುಪ್ಪಸಾಮಿ, ಕರುಪ್ಪಾಯಿ ನಮ್ಮ ಕರಿಯಪ್ಪ, ಕರಿಯಮ್ಮರ ಒಡಹುಟ್ಟಿದವರು. ತೆಲುಗಿನಲ್ಲಿ ಕಪ್ಪಿಗೆ 'ನಲ್ಲ', ನಲ್ಲಮಲ ಬೆಟ್ಟದ ನಲ್ಲವೇ ಅದು. ತಮಿಳಿನಲ್ಲಿ 'ನಲ್ಲ' ಅಂದರೆ ಒಳ್ಳೆಯ, ಕನ್ನಡದಲ್ಲಿ ಪ್ರಿಯಕರ. ಗಡಿ ಜಿಲ್ಲೆಗಳಲ್ಲಿ ನಲ್ಲಪ್ಪ, ನಲ್ಲಯ್ಯ ಅನ್ನುವ ಹಿರಿಯರ ಹೆಸರು ಮುಂದುವರಿಸುವವರು, ಅದು ಮನೆಯ ಯಾವ ಭಾಷೆಯಿಂದ ಬಂದದ್ದು ಅಂತ ಮೊದಲು ಹಿರಿಯರನ್ನೇ ಕೇಳಿ.

ಕೃಷ್ಣ, ಶ್ಯಾಮ ಮತ್ತು ಅವರ ಬಳಗ

ಕೃಷ್ಣ ಅಂದರೆ ಕಪ್ಪು. ಇದರಲ್ಲಿ ಅನುಮಾನವೇ ಇಲ್ಲ. ಕೃಷ್ಣ ಪಕ್ಷ, ಕೃಷ್ಣ ತುಳಸಿ, ಕೃಷ್ಣಾಜಿನ ಎಲ್ಲದರಲ್ಲೂ ಅದೇ ಅರ್ಥ. ಮಹಾಭಾರತದಲ್ಲಿ ಈ ಹೆಸರಿನವರು ಒಬ್ಬರಲ್ಲ. ವಾಸುದೇವ ಕೃಷ್ಣ ಒಬ್ಬ. ದ್ವೀಪದಲ್ಲಿ ಹುಟ್ಟಿದ ಕಪ್ಪು ಮೈಯ ವ್ಯಾಸರು ಕೃಷ್ಣ ದ್ವೈಪಾಯನ. ದ್ರೌಪದಿಯ ಹೆಸರು ಕೃಷ್ಣಾ. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ಅರ್ಜುನ ತನ್ನ ಹತ್ತು ಹೆಸರು ಬಿಡಿಸಿ ಹೇಳುವಾಗ ಕೊನೆಯದಾಗಿ ಬರುವುದೂ ಕೃಷ್ಣ. ಕಪ್ಪಗಿದ್ದ ಮಗುವಿಗೆ ತಂದೆ ಪ್ರೀತಿಯಿಂದ ಇಟ್ಟದ್ದು ಅಂತ ಅವನೇ ಹೇಳುತ್ತಾನೆ. ಅರ್ಜುನ ಅನ್ನುವ ಮಾತಿಗೆ ಬಿಳಿ, ಬೆಳ್ಳಗೆ ಹೊಳೆಯುವ ಅನ್ನುವ ಅರ್ಥ. ಒಬ್ಬನೇ ಮನುಷ್ಯನಿಗೆ ಎರಡೂ ಹೆಸರು ಒಪ್ಪಿದ ಪರಂಪರೆ ನಮ್ಮದು. ಮೈಬಣ್ಣ ನೋಡಿ ಹೆಸರಿಗೆ ಹಿಂಜರಿಯುವ ಮನೆಗಳಿಗೆ ಇದನ್ನು ಓದಿ ಹೇಳಬೇಕು.

ಕೃಷ್ಣನ ದೊಡ್ಡ ಅನುಕೂಲ ಎಲ್ಲರಿಗೂ ಗೊತ್ತಿರುವ ಹೆಸರು ಅನ್ನುವುದು, ಅನನುಕೂಲವೂ ಅದೇ. ತರಗತಿಯಲ್ಲಿ ಇನ್ನೊಬ್ಬ ಕೃಷ್ಣ ಇದ್ದೇ ಇರುತ್ತಾನೆ. ಹಾಗಾಗಿ ಬಾಲಕೃಷ್ಣ, ಮುರಳಿಕೃಷ್ಣ, ಕೃಷ್ಣಮೂರ್ತಿ ಅಂತ ಜೋಡಿಸುವುದು ಹಳೆಯ ಪದ್ಧತಿ. ಕನ್ನಡದ ತುಂಡು ಹೆಸರು ಕಿಟ್ಟ, ಕಿಟ್ಟಿ, ಕಿಟ್ಟಪ್ಪ. ಇದು ನಾಲಿಗೆಯಲ್ಲಿ ಪಳಗಿದ, ಪ್ರೀತಿ ತುಂಬಿದ ರೂಪ. ಈಗ ಹೆಚ್ಚಿಗೆ ಕೇಳುವ 'ಕ್ರಿಶ್' ಬಗ್ಗೆ ಮಾತ್ರ ಯೋಚಿಸಿ. ಅದರಲ್ಲಿ ಕಪ್ಪು ಉಳಿಯುವುದಿಲ್ಲ, ಸಂಸ್ಕೃತ ಬಲ್ಲವರ ಕಿವಿಗೆ ಅದು 'ಕೃಶ', ಅಂದರೆ ಸೊರಗಿದ. ಮನೆಯಲ್ಲಿ ಕಿಟ್ಟಿ ಅಂತಲೇ ಕರೆಯಿರಿ.

ಹೆಣ್ಣುಮಗುವಿಗೆ ಕೃಷ್ಣಾ ಅರ್ಥದಲ್ಲೂ ಸದ್ದಿನಲ್ಲೂ ಉತ್ತಮ ಹೆಸರು. ದ್ರೌಪದಿಯ ಹೆಸರು, ಮಹಾಬಲೇಶ್ವರದಲ್ಲಿ ಹುಟ್ಟಿ ಬೆಳಗಾವಿ, ಬಾಗಲಕೋಟೆ, ರಾಯಚೂರು ಸೀಮೆಗೆ ನೀರುಣಿಸುವ ನದಿಯ ಹೆಸರು. ಆದರೆ ಕೊನೆಯ ದೀರ್ಘ ಇಂಗ್ಲಿಷಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಅರ್ಜಿಗಳಲ್ಲಿ ಗಂಡು ಅಂತ ಗುರುತು ಬೀಳುತ್ತಲೇ ಇರುತ್ತದೆ. ಅದು ಬೇಡವಾದರೆ ಕೃಷ್ಣವೇಣಿ. ಅದೂ ನದಿಯ ಹೆಸರೇ, ಕಪ್ಪು ಜಡೆಯವಳು ಅನ್ನುವ ಅರ್ಥವೂ ಕೂಡಿದೆ, ಲಿಂಗದ ಗೊಂದಲವಿಲ್ಲ. ಸ್ವಲ್ಪ ಉದ್ದ ಅನ್ನುವುದೊಂದೇ ಅಡ್ಡಿ. ತುಂಡು ಮಾಡಿದರೆ 'ವೇಣಿ' ಆಗಿ ಕಪ್ಪು ಹೋಗಿ ಜಡೆ ಮಾತ್ರ ಉಳಿಯುತ್ತದೆ.

ಶ್ಯಾಮ ಅಷ್ಟು ಕಡುಗಪ್ಪಲ್ಲ. ಕಪ್ಪು, ಕಡುನೀಲಿ, ಕಡುಹಸಿರು ಮೂರನ್ನೂ ಒಳಗೊಂಡ ಮಾತು ಅದು. ಬೆಳೆದು ನಿಂತ ಪೈರನ್ನು ಸಸ್ಯಶ್ಯಾಮಲ ಅನ್ನುವುದು ಹಸಿರಿನ ಕಡೆಯ ಅರ್ಥದಲ್ಲಿ. ನಾವು ಎಣ್ಣೆಗಪ್ಪು ಅನ್ನುತ್ತೇವಲ್ಲ, ಆ ಮೆರುಗಿಗೆ ಹತ್ತಿರದ ಸಂಸ್ಕೃತ ಮಾತು ಇದೇ. ಶ್ಯಾಮಾ ಅನ್ನುವುದಕ್ಕೆ ಯುವತಿ ಅನ್ನುವ ಇನ್ನೊಂದು ಅರ್ಥವನ್ನು ಟೀಕಾಕಾರರು ಕೊಡುತ್ತಾರೆ. ಶ್ಯಾಮಸುಂದರ, ಘನಶ್ಯಾಮ, ಮೇಘಶ್ಯಾಮ, ಶ್ಯಾಮಲಾ ಎಲ್ಲವೂ ಕರ್ನಾಟಕದಲ್ಲಿ ಪಳಗಿದ ಹೆಸರುಗಳು. ಆಡುಮಾತಿನಲ್ಲಿ 'ಯ' ಬಿದ್ದು ಶಾಮಣ್ಣ, ಶಾಮಲ ಆಗುತ್ತವೆ. ಹಿಂದಿಯವರಿಗೆ 'ಶಾಮ್' ಸಂಜೆ. ಇಂಗ್ಲಿಷ್ ನಾಡುಗಳಲ್ಲಿ ಶ್ಯಾಮ್ ಅನ್ನುವುದನ್ನು 'ಶಯಾಮ್' ಅಂತ ಒಡೆದು ಓದುತ್ತಾರೆ, 'ವೈ' ಬಿಟ್ಟು ಬರೆದರೆ ಸುಳ್ಳು, ಸೋಗು ಅನ್ನುವ ಅರ್ಥದ ಇಂಗ್ಲಿಷ್ ಮಾತಾಗುತ್ತದೆ. ಆದ್ದರಿಂದ 'ವೈ' ಬಿಡಲೇಬೇಡಿ. ಬಣ್ಣವೂ ಇರಲಿ, ಅತಿ ಸಾಮಾನ್ಯವೂ ಆಗದಿರಲಿ, ಉಚ್ಚಾರಣೆಯೂ ಕಷ್ಟವಾಗದಿರಲಿ ಅನ್ನುವವರಿಗೆ ಇಡೀ ಬಳಗದಲ್ಲಿ ಶ್ಯಾಮಲಾ ಮೊದಲು ನಿಲ್ಲುತ್ತದೆ.

ಅಸಿತ ಚಿಕ್ಕ ಹೆಸರು, ಅರ್ಥ ನೇರ: ಸಿತ ಬಿಳಿ, ಅಸಿತ ಕಪ್ಪು. ಬಂಗಾಳ, ಒಡಿಶಾದಲ್ಲಿ ಅಸಿತ್ ಹಳೆಯ ಹೆಸರು, ಕನ್ನಡದಲ್ಲಿ ಅಪರೂಪ. ಕನ್ನಡದಂತೆ ಅಕಾರಾಂತ ಬರೆದರೆ ಹೊರಗಿನವರಿಗೆ ಹೆಣ್ಣಿನ ಹೆಸರು, ಅಕಾರ ಬಿಟ್ಟು ಬರೆದರೆ ಶಾಲೆಯಲ್ಲಿ 'ಆಸಿಡ್'. ಚೆನಾಬ್ ನದಿಯ ವೇದಕಾಲದ ಹೆಸರು ಅಸಿಕ್ನಿ, ಕಪ್ಪಗಿರುವವಳು. ತೀರಾ ಅಪರೂಪದ್ದನ್ನು ಹುಡುಕುವವರು ನೋಡಬಹುದು, ಆದರೆ 'ಕ್ನಿ' ಯಾರ ನಾಲಿಗೆಗೂ ಸುಲಭವಲ್ಲ.

ರಾಮ ಕೂಡ ಈ ಬಳಗದವನು ಅಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಚರ್ಮದ ಬಿಳಿಕಲೆಗೆ ಮದ್ದಾದ ಮೂಲಿಕೆಯನ್ನು ಅಥರ್ವವೇದದ ಮೊದಲ ಕಾಂಡದ ಒಂದು ಸೂಕ್ತ 'ರಾಮೇ ಕೃಷ್ಣೇ ಅಸಿಕ್ನಿ' ಎಂದು ಕರೆಯುತ್ತದೆ. ಮೂರೂ ಕಪ್ಪು ಅನ್ನುವ ಮಾತುಗಳೇ. ಆಮೇಲೆ ರಾಮ ಅಂದರೆ ಮನಸ್ಸಿಗೆ ಹಿತವಾದವನು ಅನ್ನುವ ಅರ್ಥ ಮುಂದೆ ಬಂತು. ಹಾಗೆ ನೋಡಿದರೆ ರಾಮಕೃಷ್ಣ ಅನ್ನುವ ಹೆಸರಿನಲ್ಲಿ ಆ ಬಣ್ಣ ಎರಡು ಸಲ ಇದೆ. ಅರ್ಥ ಮನೆಯವರಿಗಷ್ಟೇ ಗೊತ್ತಿದ್ದರೆ ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಮರೆ ಇಲ್ಲ.

ನೀಲ ಸಂಸ್ಕೃತದಲ್ಲಿ ಕಡುನೀಲಿಯಿಂದ ಕಪ್ಪಿನವರೆಗೆ ಹರಡಿದ ಮಾತು, ಇಂದಿನ ಕನ್ನಡದಲ್ಲಿ ಬರೀ ನೀಲಿ. ಬಸವಣ್ಣನವರ ಮಡದಿ, ಸ್ವತಃ ವಚನಕಾರ್ತಿಯಾದ ನೀಲಾಂಬಿಕೆಯ ನೆನಪು ಬೇಕಾದವರಿಗೆ ನೀಲಾ, ನೀಲಾಂಬಿಕಾ ಸಲ್ಲುತ್ತವೆ. ಬರೆಯುವಾಗ 'ಈ' ಎರಡು ಸಲ ಹಾಕಿ. ಒಂದೇ 'ಐ' ಹಾಕಿದರೆ ತಮಿಳರು ಅದನ್ನು 'ನಿಲಾ' ಅಂತ ಓದುತ್ತಾರೆ, ಅದು ಚಂದ್ರ. ಕತ್ತಲೆ ಹೋಗಿ ಬೆಳದಿಂಗಳಾಗುತ್ತದೆ.

ರಾತ್ರಿ, ಕಾಡಿಗೆ, ಮೋಡ

ಇವು ಕಪ್ಪಿನ ಹೆಸರುಗಳಲ್ಲ, ಕಪ್ಪಗಿರುವ ವಸ್ತುವಿನ ಹೆಸರುಗಳು. ಬಣ್ಣ ನೇರವಾಗಿ ಬೇಡ, ಅದರ ನೆರಳು ಸಾಕು ಅನ್ನುವವರಿಗೆ ಇವು ಹೊಂದುತ್ತವೆ. ಹೆಚ್ಚಿನವು ಹೆಣ್ಣಿನ ಹೆಸರುಗಳು: ರಜನಿ, ಯಾಮಿನಿ, ನಿಶಾ, ಶರ್ವರಿ, ವಿಭಾವರಿ. ಇವುಗಳಲ್ಲಿ ರಜನಿಯ ಬೇರಿನಲ್ಲಿ ಬಣ್ಣವಿದೆ, ವಿಭಾವರಿಯ ಬೇರಿನಲ್ಲಿ ಹೊಳಪಿದೆ, ಅದು ಚುಕ್ಕಿ ತುಂಬಿದ ರಾತ್ರಿ. ನಿಶಾ ಸುಲಭ, ಆದರೆ ಕನ್ನಡದಲ್ಲಿ 'ನಿಶೆ' ಅಮಲಿಗೂ ಸಲ್ಲುತ್ತದೆ. ನಿಶಾಂತ್ ಅನ್ನು ಕಪ್ಪಿನ ಪಟ್ಟಿಗೆ ಸೇರಿಸುವವರಿದ್ದಾರೆ. ನಿಶೆಯ ಅಂತ್ಯ ಅಂದರೆ ನಸುಕು, ಅರ್ಥ ತಿರುಗುಮುರುಗು.

ಮುಸ್ಲಿಂ ಮನೆಗಳಲ್ಲಿ ಲೈಲಾ, ಶಬಾನಾ ಇದೇ ಬಗೆಯವು. ಅರಬ್ಬಿಯ 'ಲೈಲ್', ಪಾರ್ಸಿಯ 'ಶಬ್' ಎರಡೂ ರಾತ್ರಿ. ಶಬಾನಾ ಕರ್ನಾಟಕದಲ್ಲಿ ಎಲ್ಲರಿಗೂ ಪರಿಚಿತ, ಉಚ್ಚಾರಣೆಯ ತೊಂದರೆ ಇಲ್ಲ. ಲೈಲಾ ಅಂದರೆ ಮಜ್ನೂ ಹಿಂದೆಯೇ ಬರುತ್ತಾನೆ, ಹದಿಹರೆಯದಲ್ಲಿ ಹುಡುಗಿಗೆ ಅದು ಕಿರಿಕಿರಿ. ಇಂಗ್ಲಿಷಿನಲ್ಲಿ ಈ ಹೆಸರಿಗೆ ಹಲವು ಕಾಗುಣಿತಗಳಿದ್ದು, ಕೆಲವನ್ನು ನಮ್ಮವರು 'ಲೀಲಾ' ಅಂತ ಓದುತ್ತಾರೆ. ಲೀಲಾ ಅಂದರೆ ಆಟ, ಯಾವ ಸಂಬಂಧವೂ ಇಲ್ಲ. ನಡುವೆ 'ವೈ' ಇರುವ ಕಾಗುಣಿತ ಆರಿಸಿದರೆ ಈ ಗೊಂದಲ ತಪ್ಪುತ್ತದೆ.

ಅಂಜನಾ ನನ್ನ ಲೆಕ್ಕದಲ್ಲಿ ಈ ಗುಂಪಿನ ಅತ್ಯುತ್ತಮ ಹೆಸರು. ಅಂಜನ ಅಂದರೆ ಕಣ್ಣಿಗೆ ಹಚ್ಚುವ ಕಾಡಿಗೆ, ಕಪ್ಪಿನಲ್ಲೇ ಚೆಲುವು ಕಾಣುವ ವಸ್ತು. ಹನುಮಂತನ ತಾಯಿಯ ಹೆಸರು, ಆನೆಗೊಂದಿ ಬಳಿಯ ಅಂಜನಾದ್ರಿಯ ಹೆಸರು. ಅಂಜನ ಹಾಕಿ ನೋಡುವ ಶಾಸ್ತ್ರದ ನೆನಪು ಕೆಲವರಿಗೆ ಬಂದೀತು, ದೊಡ್ಡ ವಿಷಯವಲ್ಲ. ತುಂಡು ಹೆಸರು 'ಅಂಜು' ಅನ್ನುವುದು ಕನ್ನಡದಲ್ಲಿ ಹೆದರು ಅಂತಾಗುತ್ತದೆ, ಅದರ ಬದಲು 'ಅಂಜನಿ' ಅಂತ ಕರೆಯಬಹುದು. ಮೇಘಾ, ಮೇಘನಾ ಮೋಡದ ಹೆಸರುಗಳು. ಮಳೆ ಕಾಯುವ ನಾಡಿನಲ್ಲಿ ಒಳ್ಳೆಯ ಹೆಸರೇ, ಆದರೆ ಕಪ್ಪಿನ ಅರ್ಥ ಬಹಳ ತೆಳು.

ಹೊರನಾಡಿನ ಹೆಸರುಗಳು

ಐರಿಶ್ ಭಾಷೆಯಲ್ಲಿ 'ಕೀರ್' ಅಂದರೆ ಕಡುಗಪ್ಪು. ಅದಕ್ಕೆ ಕಿರಿದು ಅನ್ನುವ ಪ್ರತ್ಯಯ ಸೇರಿ ಕೀರಾನ್, 'ಕಪ್ಪು ಮರಿ' ಅನ್ನುವ ಭಾವ. 6ನೇ ಶತಮಾನದ ಕ್ಲಾನ್‌ಮಕ್ನೋಯ್ಸ್ ಮಠದ ಸ್ಥಾಪಕ ಸಂತನ ಹೆಸರು ಇದೇ. ಐರಿಶ್ ಕಾಗುಣಿತ 'ಸಿ'ಯಿಂದ ಶುರುವಾಗುವುದರಿಂದ ಭಾರತದಲ್ಲಿ ಅದನ್ನು ಸಿಯಾರನ್, ಚಿಯಾರನ್ ಅಂತ ಓದುತ್ತಾರೆ, ಕೊನೆಯ 'ಎ' ಮೇಲಿನ ಗೀಟು ಪಾಸ್‌ಪೋರ್ಟಿನ ಯಂತ್ರ ಓದುವ ಸಾಲಿನಲ್ಲಿ ಉಳಿಯುವುದಿಲ್ಲ. 'ಕೆ'ಯಿಂದ ಬರೆಯುವ ಇಂಗ್ಲಿಷ್ ರೂಪ ಎರಡೂ ಕಡೆ ನಡೆಯುತ್ತದೆ. ಆದರೆ ಇಲ್ಲೊಂದು ಸಿಕ್ಕು ಇದೆ: ಅದು ನಮ್ಮ 'ಕಿರಣ್'ಗೆ ತೀರಾ ಹತ್ತಿರ. ಕಿರಣ್ ಅಂತ ಹೇಳಿದರೆ ಅಲ್ಲಿನವರು ಕೀರನ್ ಅಂತ ಬರೆದುಕೊಳ್ಳುತ್ತಾರೆ, ಕೀರನ್ ಅಂತ ಹೇಳಿದರೆ ಊರಿನವರು ಕಿರಣ ಅಂತ ತಿಳಿಯುತ್ತಾರೆ. ಒಂದು ಬೆಳಕು, ಒಂದು ಕತ್ತಲೆ. ಕನ್ನಡ ಕಾವ್ಯದ ಕಿವಿಗೆ 'ಕೀರ' ಗಿಳಿ. ಎರಡು ನಾಡಿನ ನಡುವೆ ಬದುಕುವ ಕುಟುಂಬಕ್ಕೆ ಈ ಗೊಂದಲವೇ ಅನುಕೂಲವೂ ಆದೀತು, ಅಜ್ಜ ಟೀಚರ್ ಇಬ್ಬರಿಗೂ ಬಾಯಿಗೆ ಬರುತ್ತದೆ. ಅರ್ಥ ಉಳಿಯಬೇಕು ಅನ್ನುವವರು ಮಾತ್ರ ಪ್ರತಿ ಸಲ ವಿವರಿಸಲು ಸಿದ್ಧರಿರಬೇಕು.

ಹೆಣ್ಣಿನ ರೂಪ ಕೀರಾ. ಈಗ ಕರ್ನಾಟಕದಲ್ಲೂ ಕೇಳಿಬರುವ 'ಕಿಯಾರಾ'ಗೆ ಕೆಲವರು ಇದೇ ಅರ್ಥ ಹೇಳುತ್ತಾರೆ. ಅದೇ ಸದ್ದಿಗೆ ಹತ್ತಿರದ ಇಟಾಲಿಯನ್ ಹೆಸರು 'ಕ್ಯಾರಾ' ಮಾತ್ರ ಅಸಿಸಿಯ ಸಂತ ಕ್ಲೇರ್‌ಳ ಹೆಸರು, ಅರ್ಥ ತಿಳಿ, ಬೆಳಗು. ಕಿಯಾರಾ ಅಂತ ಇಟ್ಟರೆ ಯಾವುದೂ ಖಚಿತವಿಲ್ಲ. ಕಪ್ಪಿನ ಅರ್ಥಕ್ಕಾಗಿಯೇ ಹುಡುಕುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ಗ್ರೀಕಿನ 'ಮೆಲಾಸ್'ನಿಂದ ಬಂದ ಮೆಲನಿ ಗಟ್ಟಿ ಅರ್ಥದ ಹೆಸರು. ನಮ್ಮ ಚರ್ಮದ ಮೆಲನಿನ್‌ಗೂ ಅದೇ ಬೇರು. 4 ಮತ್ತು 5ನೇ ಶತಮಾನದಲ್ಲಿ ರೋಮಿನ ಅಜ್ಜಿ ಮೊಮ್ಮಗಳು ಇಬ್ಬರು ಸಂತ ಮೆಲಾನಿಯಾ ಇದ್ದರು. ಮಂಗಳೂರಿನ ಕ್ರೈಸ್ತ ಕುಟುಂಬಗಳಿಗೆ ಇದು ಹೊಸ ಹೆಸರಲ್ಲ. ಕನ್ನಡದ ಕಿವಿಗೂ 'ಮೆಲು' ಅನ್ನುವ ಮೃದು ಸದ್ದು ಬರುತ್ತದೆ. ವಿದೇಶದಲ್ಲಿರುವ, ಎಲ್ಲೂ ತಪ್ಪಾಗದ ಹೆಸರು ಬೇಕಾದ ಕುಟುಂಬಕ್ಕೆ ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ.

ಅರಬ್ಬಿಯ 'ಅದ್‌ಹಮ್' ಕಡುಗಪ್ಪು, ವಿಶೇಷವಾಗಿ ಕುದುರೆಯ ಬಣ್ಣಕ್ಕೆ ಹೇಳುವ ಮಾತು. 8ನೇ ಶತಮಾನದ ಸೂಫಿ ಇಬ್ರಾಹಿಂ ಇಬ್ನ್ ಅದ್‌ಹಮ್ ಅವರಿಂದ ಗೌರವ ಪಡೆದ ಹೆಸರು. ಕರ್ನಾಟಕದಲ್ಲಿ ಇಡುವವರು ಇದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಮೊದಲೇ ನಿಗದಿ ಮಾಡಿಕೊಳ್ಳಲೇಬೇಕು. ಇಂಗ್ಲಿಷ್ ಕಾಗುಣಿತ ನೋಡಿ ಗುಮಾಸ್ತರು 'ಅಧಮ್' ಅಂತ ಬರೆದರೆ ಕನ್ನಡದಲ್ಲಿ ಅದು ಕೀಳು ಅನ್ನುವ ಅರ್ಥ. ದ ಮತ್ತು ಹ ಬಿಡಿಸಿ ಬರೆಯಬೇಕು. ತುರ್ಕಿಯವರು ಇದನ್ನೇ 'ಎತೆಮ್' ಅನ್ನುತ್ತಾರೆ, ಆ ರೂಪದಲ್ಲಿ ಈ ಅಪಾಯವಿಲ್ಲ.

ಇನ್ನು ಪಟ್ಟಿಗಳಲ್ಲಿ ಬರುವ, ಆದರೆ ನಂಬಬಾರದ ಹೆಸರುಗಳು. ನೈಜಲ್ ಲ್ಯಾಟಿನ್ನಿನ ಕಪ್ಪಿಗೆ ಹತ್ತಿರ ಕೇಳುತ್ತದೆ, ನಿಜದಲ್ಲಿ ಅದು ನೀಲ್ ಅನ್ನುವ ಹೆಸರಿನ ಲ್ಯಾಟಿನ್ ವೇಷ. ಬ್ಲೇಕ್‌ಗೆ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರು, ಒಂದು ಕಪ್ಪು, ಇನ್ನೊಂದು ಬಿಳಿಚು. ಯಾವುದು ಅಂತ ಹೇಳಲಾಗದು. ಜಪಾನಿನ 'ಕುರೋ' ಅನ್ನುವುದಕ್ಕೆ ಕಪ್ಪು ಅನ್ನುವ ಅರ್ಥ ಇದೆ, ಆದರೆ ಅಲ್ಲಿನ ಇತಿಹಾಸದ ವೀರರ ಹೆಸರಿನಲ್ಲಿ ಬರುವ ಉದ್ದನೆಯ ಕುರೋ ಒಂಬತ್ತನೆಯ ಮಗ. ಹೀಬ್ರೂವಿನಲ್ಲಿ ಕೇದಾರ್ ಕಪ್ಪು, ನಮ್ಮ ಕೇದಾರ ನೀರು ನಿಂತ ಗದ್ದೆ ಮತ್ತು ಶಿವನ ಕ್ಷೇತ್ರ. ಕಾಳಿಂದಿ ಯಮುನೆಯ ಹೆಸರು, ನೀರು ಕಪ್ಪಾಗಿದೆ ಅಂತಲ್ಲ, ಕಳಿಂದ ಪರ್ವತದ ಮಗಳು ಅಂತ. ಡಗ್ಲಸ್ ಮಾತ್ರ ನಿಜ, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಕಪ್ಪು ಹೊಳೆ.

ಅಕ್ಷರ, ಕಾಗದಪತ್ರ

ಜನ್ಮನಕ್ಷತ್ರದ ಅಕ್ಷರ ಹಿಡಿಯುವವರಿಗೆ: ಕರಿ, ಕಾಳ ಅನ್ನುವವು ಮೃಗಶಿರದ 3ನೇ ಪಾದದ 'ಕಾ'ಗೆ ಸೇರುತ್ತವೆ. ಕೃಷ್ಣನನ್ನು ಕೆಲವರು ಮೃಗಶಿರದ 'ಕೀ'ಗೆ, ಕೆಲವರು ಆರಿದ್ರಾ ಮೊದಲ ಪಾದದ 'ಕೂ'ಗೆ ಸೇರಿಸುತ್ತಾರೆ. ನಿಮ್ಮ ಪುರೋಹಿತರ ಪದ್ಧತಿ ಕೇಳಿ. ಶ್ಯಾಮ ಶತಭಿಷದ 2ನೇ ಪಾದ, ನೀಲಾ ಅನುರಾಧದ 2, ಅಂಜನಾ ಮತ್ತು ಅಸಿತ ಕೃತ್ತಿಕೆಯ 1, ಮೇಘಾ ಮಖೆಯ 4, ಯಾಮಿನಿ ಜ್ಯೇಷ್ಠೆಯ 2, ರಜನಿ ಚಿತ್ತೆಯ 3. ಅಕ್ಷರ ಹೊಂದದಿದ್ದರೆ ಜನ್ಮನಾಮ ಬೇರೆ ಇಟ್ಟು ವ್ಯವಹಾರದ ಹೆಸರು ನಿಮಗೆ ಬೇಕಾದದ್ದು ಇಡುವುದು ಎಲ್ಲೆಡೆ ನಡೆಯುವ ಕ್ರಮ.

ಕಾಗದದ ಕಡೆ ಮೂರು ಮಾತು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಹಾಗಾಗಿ ಅಲ್ಲಿನ ಕಾಗುಣಿತವೇ ಮುಂದೆ ಎಲ್ಲೆಡೆ ಹೋಗುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ರೂಪವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಕಚೇರಿಗೆ ಹೋಗಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಹೆಸರು ತಿದ್ದಿಸುವುದು ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಅಂತ ತಿಂಗಳುಗಟ್ಟಲೆ ಓಡಾಟ.

ಕೃಷ್ಣ, ಅಸಿತ, ಶ್ಯಾಮಲಾ ತರಹದ ಒಂದೇ ಪದದ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಒಂಟಿಯಾಗಿ ಬಿಡಬೇಡಿ. ಅಮೆರಿಕದ ವೀಸಾದಲ್ಲಿ ಆ ಪದ ಕುಲನಾಮವಾಗಿ, ಹೆಸರಿನ ಜಾಗದಲ್ಲಿ 'ಹೆಸರು ತಿಳಿದಿಲ್ಲ' ಅನ್ನುವ ಸಂಕ್ಷೇಪ ಕೂರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿಪದದ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಇಲ್ಲಿಯೇ ಕರಿಯಪ್ಪ ಮತ್ತೆ ಕೆಲಸಕ್ಕೆ ಬರುತ್ತಾನೆ: ಎರಡನೆಯ ಪದ ಬೇಕೇ ಬೇಕು ಅಂದಾಗ ತಂದೆಯ ಹೆಸರಿನ ಬದಲು ತಾತನ ಹೆಸರನ್ನು ಕುಲನಾಮದ ಜಾಗದಲ್ಲಿ ಕೂರಿಸಬಹುದು.

ಆ 12 ತಿಂಗಳನ್ನು ಬಳಸಿಕೊಳ್ಳಿ. ಎರಡು ಹೆಸರು ಉಳಿದಾಗ ಒಂದೊಂದನ್ನು ಎರಡು ವಾರ ಮನೆಯಲ್ಲಿ ಕರೆದು ನೋಡಿ. ಅಡುಗೆಮನೆಯಿಂದ ಕೂಗಿ, ಫೋನಿನಲ್ಲಿ ಅಜ್ಜನಿಂದ ಹೇಳಿಸಿ, ಆಸ್ಪತ್ರೆಯ ಚೀಟಿಯಲ್ಲಿ ಬರೆಸಿ ಅವರು ಹೇಗೆ ಓದುತ್ತಾರೆ ಕೇಳಿಸಿಕೊಳ್ಳಿ. ಮನೆಯವರ ಬಾಯಲ್ಲಿ ತಾನಾಗಿ ಹುಟ್ಟುವ ತುಂಡು ಹೆಸರು ಯಾವುದು ಅಂತ ಆ ಎರಡು ವಾರದಲ್ಲಿ ಗೊತ್ತಾಗುತ್ತದೆ.